ಕೊನೆಯ ಮುದ್ದೆ

"ಗುರುಗಳೇ, ನನ್ನ ಹೆಂಡತಿಗೆ ಆನಂದವನ್ನು ಹೇಗೆ ಕಲಿಸಲಿ?"

ಕೇಳಿದವನು ಚೌರಪ್ಪ. ಉಪದೇಶಿಯಾಗಲು ಕಲಿಯುತ್ತಿದ್ದವನು. ಹಳ್ಳಿಹಳ್ಳಿಗೆ ಹೋಗಿ ಜನರಿಗೆ ಜಪ ಹೇಳಿಕೊಡುವುದು, ಮಕ್ಕಳಿಗೆ ಧರ್ಮಪಾಠ ಮಾಡುವುದು ಉಪದೇಶಿಯ ಕೆಲಸ. ಅವನಿಗೆ ಕಲಿಸುತ್ತಿದ್ದವರು ಇನ್ನಾಸಪ್ಪ ಗುರುಗಳು. ವಯಸ್ಸಾದ ಪಾದ್ರಿ. ಮೂಗಿನ ತುದಿಯಲ್ಲೇ ಕೋಪ. ಅವರು ಚರ್ಚಿನ ಜಗಲಿಯಲ್ಲಿ ಕೂತು ತಮ್ಮ ನಿಲುವಂಗಿಗೆ ಗುಂಡಿ ಹೊಲಿಯುತ್ತಿದ್ದರು.

"ಬಿಡಿಸಿ ಹೇಳು" ಎಂದರು.

"ನಾನು ನೇಮ ತಪ್ಪಿಸಿದವನಲ್ಲ. ಬೆಳಗಿನ ಜಪ ಬಿಟ್ಟಿಲ್ಲ. ಶುಕ್ರವಾರದ ಉಪವಾಸ ಬಿಟ್ಟಿಲ್ಲ. ಸಂಜೆ ಉಂಡು ಕೈತೊಳೆದವನೇ ಜಪಸರ ಹಿಡಿದು ಹೊರಡುತ್ತೇನೆ. ನನ್ನ ಮನಸ್ಸು ಹಗುರವಾಗಿದೆ. ಆದರೆ ಅವಳ ಮುಖ ನೋಡಿದರೆ ಮನೆಯಲ್ಲಿ ಸಾವಾದ ಹಾಗಿರುತ್ತದೆ. ಹಾಡು ಎಂದರೆ ಹಾಡುವುದಿಲ್ಲ. ಜಪದ ನಡುವೆ ತೂಕಡಿಸುತ್ತಾಳೆ. ನಾಳೆ ನಾನು ಜನರ ಮುಂದೆ ನಿಂತು ಕ್ರೈಸ್ತ ಬಾಳಿನ ಆನಂದದ ಬಗ್ಗೆ ಹೇಳಬೇಕಾದವನು. ನನ್ನ ಮನೆಯೇ ಹೀಗಿದ್ದರೆ ಅವರು ಏನೆಂದುಕೊಂಡಾರು? ಅವಳಿಗೆ ವಿಶ್ವಾಸ ಕಡಿಮೆ ಎಂದು ನನಗೆ ತೋರುತ್ತದೆ."

ಗುರುಗಳ ಸೂಜಿ ನಿಂತಿತು.

"ತೋರುತ್ತದೆಯೋ? ನಿನಗೆ ಬಹಳ ತೋರುತ್ತದೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಚೌರಪ್ಪ ಮೆಟ್ಟಿಲ ಮೇಲೆ ಕೂತ. ಗುರುಗಳು ಹೇಳತೊಡಗಿದರು.

ಒಂದೂರು. ಅಲ್ಲಿ ಕ್ರೈಸ್ತರ ಮನೆಗಳೇ ಹೆಚ್ಚು. ಹಿಂದಿನವರು ಮಾಡಿಟ್ಟ ಒಂದು ಪದ್ಧತಿ ಆ ಊರಲ್ಲಿತ್ತು. ಅಡುಗೆ ಮಾಡುವವಳು ಮುದ್ದೆಗೆಂದು ರಾಗಿಹಿಟ್ಟು ಅಳೆದುಕೊಂಡ ಮೇಲೆ, ಅದನ್ನು ಎಸರಿಗೆ ಹಾಕುವ ಮೊದಲು, ಒಂದು ಹಿಡಿ ತೆಗೆದು ಶಿಲುಬೆಯ ಕೆಳಗಿಟ್ಟ ಗಡಿಗೆಗೆ ಹಾಕಬೇಕು. ಭಾನುವಾರ ಎಲ್ಲ ಮನೆಯ ಗಡಿಗೆಗಳೂ ಚರ್ಚಿಗೆ ಬರುತ್ತವೆ. ಪೂಜೆ ಮುಗಿದ ಮೇಲೆ ಆ ಹಿಟ್ಟಿನಲ್ಲಿ ಅಂಬಲಿ ಕಾಯಿಸಿ, ಗತಿಯಿಲ್ಲದವರನ್ನು ಸಾಲಾಗಿ ಕೂರಿಸಿ ಬಡಿಸುತ್ತಾರೆ. ಅದಕ್ಕೆ ದೇವರ ಹಿಡಿ ಎಂದು ಹೆಸರು.

ಅಳೆದ ಹಿಟ್ಟಿನಿಂದಲೇ ಏಕೆ ತೆಗೆಯಬೇಕು? ರಾಗಿ ತುಂಬಿಡುವ ವಾಡೆಯಿಂದ ಬೇರೆಯಾಗಿ ಒಂದಷ್ಟು ಕೊಟ್ಟುಬಿಡಬಹುದಲ್ಲ? ಹಿಂದಿನವರು ದಡ್ಡರಾಗಿರಲಿಲ್ಲ. ಅಳೆದದ್ದರಿಂದ ತೆಗೆದರೆ ಮನೆಯವರೆಲ್ಲರ ಮುದ್ದೆಯೂ ಒಂದೊಂದು ಚೂರು ಸಣ್ಣದಾಗುತ್ತದೆ. ಯಜಮಾನನದೂ ಸಣ್ಣದಾಗುತ್ತದೆ, ಮಕ್ಕಳದೂ ಸಣ್ಣದಾಗುತ್ತದೆ. ಯಾರೂ ಹಸಿದು ಮಲಗುವುದಿಲ್ಲ. ಆದರೆ ಹಸಿದವನೊಬ್ಬ ಊರಲ್ಲಿದ್ದಾನೆಂದು ಎಲ್ಲರ ಹೊಟ್ಟೆಗೂ ನೆನಪಿರುತ್ತದೆ. ಪದ್ಧತಿ ಇದ್ದದ್ದು ಅದಕ್ಕೆ.

ಆ ಊರಲ್ಲಿ ಒಬ್ಬ ರೈತನಿದ್ದ. ಮನೆಯಲ್ಲಿ ತಾಯಿ, ಇಬ್ಬರು ತಮ್ಮಂದಿರು, ಹೆಂಡತಿ. ಹೊಲ ಚೆನ್ನಾಗಿತ್ತು, ವಾಡೆಯಲ್ಲಿ ರಾಗಿ ತುಂಬಿತ್ತು. ರೈತ ಒಳ್ಳೆಯವನು. ಒಳ್ಳೆಯವನೆಂದು ಊರೇ ಹೇಳುತ್ತಿತ್ತು. ಕುಡಿಯುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ. ಹೊಲದಲ್ಲಿ ದುಡಿಯುವಾಗಲೂ ಕೀರ್ತನೆ ಹಾಡುತ್ತಿದ್ದ. ಸಂಜೆ ಉಂಡು ಎದ್ದವನೇ ಚರ್ಚಿಗೆ ಹೋಗಿ, ಜಪ ಮಾಡುವವರ ಜೊತೆ ಗಟ್ಟಿ ದನಿಯಲ್ಲಿ ಹಾಡಿ ಬರುತ್ತಿದ್ದ. ಸಂತೋಷವಾಗಿರುವುದು ಹೇಗೆಂದು ಅವನನ್ನು ನೋಡಿ ಕಲಿಯಿರಿ ಎಂದು ಜನ ತಮ್ಮ ಮಕ್ಕಳಿಗೆ ಹೇಳುತ್ತಿದ್ದರು.

ಅವನಿಗೆ ದೇವರ ಹಿಡಿಯ ಮೇಲೆ ಬಹಳ ಭಕ್ತಿ. ಎಷ್ಟು ಭಕ್ತಿಯೆಂದರೆ, ಆ ಕೆಲಸವನ್ನು ಹೆಂಡತಿಯ ಕೈಯಿಂದ ತಾನೇ ತೆಗೆದುಕೊಂಡ. ದೇವರಿಗೆ ಹೋಗುವುದು ಯಜಮಾನನ ಕೈಯಿಂದ ಹೋಗಲಿ ಎಂದ. ಹೆಂಡತಿಯದು ಸಣ್ಣ ಕೈ. ಇವನದು ಗುದ್ದಲಿ ಹಿಡಿದು ಹಿಡಿದು ಅಗಲವಾದ ಕೈ. ಆ ಕೈಯನ್ನು ಹಿಟ್ಟಿಗೆ ಹಾಕಿ, ತುಂಬಿಸಿ ಎತ್ತುತ್ತಿದ್ದ. ಗಡಿಗೆಗೆ ಹಾಕಿ ಶಿಲುಬೆಯ ಗುರುತು ಮಾಡಿಕೊಂಡು ಹೊರಗೆ ಹೋಗುತ್ತಿದ್ದ. ಅವನ ಕೆಲಸ ಅಲ್ಲಿಗೆ ಮುಗಿಯಿತು.

ಅಲ್ಲಿಂದ ಮುಂದಿನ ಕೆಲಸ ಹೆಂಡತಿಯದು. ಉಳಿದ ಹಿಟ್ಟಿನಲ್ಲಿ ಮುದ್ದೆ ತೊಳಸಿ ಕಟ್ಟಬೇಕು. ಮೊದಲ ದಿನ ಅವಳು ಪದ್ಧತಿಯಂತೆಯೇ ಮಾಡಿದಳು. ಎಲ್ಲರ ಮುದ್ದೆಯಲ್ಲೂ ಚೂರುಚೂರು ಕಡಿಮೆ ಮಾಡಿ ಕಟ್ಟಿದಳು. ರೈತ ತಟ್ಟೆ ನೋಡಿ ನಕ್ಕ.

"ಇದೇನಮ್ಮಿ, ಮುದ್ದೆ ಕಟ್ಟು ಅಂದ್ರೆ ನಿಂಬೆಹಣ್ಣು ಕಟ್ಟಿದೀಯ?"

ತಮ್ಮಂದಿರೂ ನಕ್ಕರು. ತಾಯಿಯೂ ನಕ್ಕಳು. ರೈತ ತಮಾಷೆಗೆ ಹೇಳಿದ್ದು. ಮನಸ್ಸಿನಲ್ಲಿ ಏನೂ ಇರಲಿಲ್ಲ. ಏನೂ ಇರಲಿಲ್ಲ ಎಂಬುದೇ ನನ್ನ ಹೊಟ್ಟೆ ಉರಿಸುತ್ತದೆ! ಒಬ್ಬಳ ಬಾಯಿ ಮುಚ್ಚಿಸುವ ಮಾತನ್ನು ಆಡಿ, ಅದು ನೆನಪಿನಲ್ಲೂ ಉಳಿಯದಂತೆ ಉಂಡು ಎದ್ದ. ಊಟದ ಹೊತ್ತಲ್ಲಿ ಮನೆಮಂದಿಯೆಲ್ಲ ನಕ್ಕರಲ್ಲ, ಇದೇ ಕ್ರೈಸ್ತ ಮನೆಯ ಸಂತೋಷ ಎಂದುಕೊಂಡು ಹಾಡುತ್ತಾ ಚರ್ಚಿಗೆ ಹೋದ.

ಮರುದಿನದಿಂದ ಅವಳು ಗಂಡಸರ ಮುದ್ದೆಯನ್ನು ಮೊದಲಿನಷ್ಟೇ ದೊಡ್ಡದಾಗಿ ಕಟ್ಟಿದಳು. ಅತ್ತೆಯದನ್ನೂ ಹಾಗೆಯೇ ಕಟ್ಟಿದಳು. ಕೊನೆಗೆ ಪಾತ್ರೆಯಲ್ಲಿ ಉಳಿದದ್ದು ತನಗೆ. ದೇವರ ಹಿಡಿಯಷ್ಟೂ ಆ ಕೊನೆಯ ಮುದ್ದೆಯಿಂದಲೇ ಹೋಗತೊಡಗಿತು.

ಅಳತೆಯನ್ನು ಸ್ವಲ್ಪ ಹೆಚ್ಚಿಸಬಹುದಿತ್ತಲ್ಲ ಎನ್ನುತ್ತೀಯೇನೋ. ಹಿಟ್ಟು ಅಳೆಯುತ್ತಿದ್ದವಳು ಅತ್ತೆ. ವಾಡೆ ಅವಳ ವಶದಲ್ಲಿತ್ತು. ಅವಳಿಗೆ ಅವಳ ಅತ್ತೆ ತೋರಿಸಿಕೊಟ್ಟ ಅಳತೆ ಅದು. ಅವಳು ಕೆಟ್ಟವಳಲ್ಲ. ಅವಳೂ ಒಂದು ಕಾಲದಲ್ಲಿ ಆ ಮನೆಯ ಕೊನೆಯ ಮುದ್ದೆ ತಿಂದವಳೇ. ಅದು ಎಷ್ಟು ಚಿಕ್ಕದಿರುತ್ತದೆಂದು ಊರಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅಳತೆ ಬದಲಿಸಲಿಲ್ಲ. ತಾನು ತಡೆದುಕೊಂಡೆ, ಇವಳೂ ತಡೆದುಕೊಳ್ಳಲಿ ಎಂದುಕೊಂಡಳು. ಒಮ್ಮೆ ಸೊಸೆ ಬಾಯಿಬಿಟ್ಟು ಕೇಳಿಯೂ ಕೇಳಿದಳು. ಅತ್ತೆ ಮಗನಿಗೆ ಹೇಳಿದಳು. ರೈತ ಗಂಭೀರನಾಗಿ, ಅಳತೆ ಹೆಚ್ಚಿಸಿ ಹಿಡಿ ತೆಗೆದರೆ ಅದರಲ್ಲಿ ತ್ಯಾಗವೆಲ್ಲಿ ಬಂತು, ದೇವರಿಗೆ ಕೊಡುವುದು ನಮ್ಮ ಹೊಟ್ಟೆಯಿಂದ ಹೋಗಬೇಕು ಎಂದ.

ನಮ್ಮ ಹೊಟ್ಟೆಯಿಂದ! ಅವನ ಹೊಟ್ಟೆಗೆ ಒಂದು ತುತ್ತೂ ಕಡಿಮೆಯಾಗಿರಲಿಲ್ಲ.

ಹೀಗೇ ದಿನ ಹೋಯಿತು. ಹೆಂಡತಿ ಬಸುರಿಯಾದಳು. ಹೆರಿಗೆಗೆ ತವರಿಗೆ ಹೋದಳು. ಅಲ್ಲಿ ಅವಳ ತಾಯಿ ಹೊಟ್ಟೆ ತುಂಬ ಉಣ್ಣಿಸಿ ಬಾಣಂತನ ಮಾಡಿದಳು. ಗಂಡನ ಮನೆಗೆ ಮರಳುವಾಗ ಮಗು ಗುಂಡುಗುಂಡಾಗಿತ್ತು. ಊರವರು ನೋಡಿ, ದೇವರು ಆ ಮನೆಗೆ ಒಲಿದಿದ್ದಾನೆ ಎಂದರು.

ಮೊಲೆಯುಣಿಸುವ ತಾಯಿಗೆ ಎಷ್ಟು ಹಸಿವು ಎಂಬುದು ಗಂಡಸರಿಗೆ ತಿಳಿಯದು. ತಿಳಿಯದಿದ್ದರೆ ಕೇಳಬೇಕು. ಆ ಮನೆಯಲ್ಲಿ ಕೇಳುವವರಿರಲಿಲ್ಲ. ಕೊನೆಯ ಮುದ್ದೆ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ತಿನ್ನುವ ಜೀವ ಮಾತ್ರ ಎರಡಾಗಿತ್ತು. ಅವಳು ಪಾತ್ರೆಯ ತಳಕ್ಕೆ ಅಂಟಿದ್ದನ್ನು ಕೆರೆದು ತಿಂದಳು. ನೀರು ಕುಡಿದು ಮಲಗಿದಳು. ಹಾಲು ಕಡಿಮೆಯಾಯಿತು. ಮಗು ಅಳತೊಡಗಿತು. ಅತ್ತು ಅತ್ತು ಅದರ ದನಿ ಬಿದ್ದುಹೋಯಿತು. ಕೈಕಾಲು ಸಣ್ಣಗಾದವು.

ರೈತನಿಗೆ ಮಗುವೆಂದರೆ ಪ್ರಾಣ. ಅವನು ಮೊಣಕಾಲೂರಿ ಪ್ರಾರ್ಥಿಸಿದ. ಕಣ್ಣೀರಿಟ್ಟ. ದೇವರು ತನ್ನ ವಿಶ್ವಾಸವನ್ನು ಪರೀಕ್ಷಿಸುತ್ತಿದ್ದಾನೆ ಎಂದುಕೊಂಡ. ಪರೀಕ್ಷೆಯಲ್ಲಿ ಸೋಲಬಾರದೆಂದು ಒಂದು ಹರಕೆ ಹೊತ್ತ. ಏನು ಹರಕೆ ಗೊತ್ತೇ? ಮಗು ಚೇತರಿಸಿಕೊಳ್ಳುವವರೆಗೆ ಒಂದು ಹಿಡಿಯಲ್ಲ, ಎರಡೂ ಕೈ ಸೇರಿಸಿ ಒಂದು ಬೊಗಸೆ ಕೊಡುತ್ತೇನೆ ಎಂದ!

ಗುರುಗಳ ದನಿ ಏರಿತು. ಗುಂಡಿ ಅವರ ಮಡಿಲಿನಿಂದ ಜಾರಿ ಕೆಳಗೆ ಬಿತ್ತು. ಚೌರಪ್ಪ ಅದನ್ನು ಎತ್ತಿಕೊಟ್ಟು, ತಡೆಯಲಾರದೆ ಬಾಯಿ ಹಾಕಿದ.

"ಪಾಪ, ಅವನಿಗೆ ಗೊತ್ತಿರಲಿಲ್ಲ ಗುರುಗಳೇ."

"ಗೊತ್ತಿರಲಿಲ್ಲ! ಒಂದೇ ಸೂರು, ಒಂದೇ ಒಲೆ. ಹೊಲದ ಯಾವ ಮೂಲೆಯಲ್ಲಿ ಪೈರು ಬಾಡಿದೆಯೆಂದು ಅವನಿಗೆ ಗೊತ್ತಿತ್ತು. ಎತ್ತು ಮೇವು ಬಿಟ್ಟರೆ ಅವತ್ತೇ ಗೊತ್ತಾಗುತ್ತಿತ್ತು. ಹೆಂಡತಿ ಏನು ಉಂಡಳೆಂದು ಮಾತ್ರ ಗೊತ್ತಿರಲಿಲ್ಲ. ನೀನು ಅದಕ್ಕೆ ಪಾಪ ಎನ್ನುತ್ತೀಯೆ. ಗೊತ್ತುಮಾಡಿಕೊಳ್ಳದೆ ಇರುವುದು ಬಲು ಸುಖದ ಕೆಲಸ ಚೌರಪ್ಪ. ಅದಕ್ಕೇ ಅವನ ಮನಸ್ಸು ಅಷ್ಟು ಹಗುರವಾಗಿತ್ತು."

ಗುರುಗಳು ಮುಂದುವರಿಸಿದರು.

ಬೊಗಸೆ ಹೋಗತೊಡಗಿದ ಮೇಲೆ ಕೊನೆಯ ಮುದ್ದೆ ಎಂಬುದು ಹೆಸರಿಗಷ್ಟೇ ಉಳಿಯಿತು. ಕೆಲವು ದಿನ ಅದೂ ಇಲ್ಲ. ಅತ್ತ ರೈತನ ಗಡಿಗೆ ಊರಿನ ಎಲ್ಲ ಗಡಿಗೆಗಳಿಗಿಂತ ತುಂಬಿ ಬರತೊಡಗಿತು. ಆ ಊರಿನ ಪಾದ್ರಿ ಅದನ್ನು ನೋಡಿದ. ಪೂಜೆಯ ನಡುವೆ ಪ್ರಬೋಧನೆಗೆ ನಿಂತು, ಮಗು ಕಾಯಿಲೆ ಬಿದ್ದಿದ್ದರೂ ಕೊಡುವ ಕೈಯನ್ನು ಹಿಂದೆಗೆಯದ ಮನೆಯನ್ನು ನೋಡಿರಿ, ಕಷ್ಟದಲ್ಲೂ ಹಾಡುವ ಈ ಮನುಷ್ಯನನ್ನು ನೋಡಿರಿ ಎಂದು ಹೊಗಳಿದ. ಜನರೆಲ್ಲ ತಿರುಗಿ ರೈತನನ್ನು ನೋಡಿದರು. ಅವನ ಹೆಂಡತಿ ಹೆಂಗಸರ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳನ್ನು ಯಾರೂ ನೋಡಲಿಲ್ಲ. ಪಾದ್ರಿಯೂ ನೋಡಲಿಲ್ಲ. ನನ್ನಂಥ ಪಾದ್ರಿಗಳೂ ಇಂಥದಕ್ಕೆ ಹೊಣೆ. ತುಂಬಿದ ಗಡಿಗೆ ಕಂಡರೆ ನಮ್ಮ ನಾಲಗೆಗೆ ಬಿಡುವಿರುವುದಿಲ್ಲ. ಅದು ಯಾರ ತಟ್ಟೆಯಿಂದ ಬಂತೆಂದು ನಾವು ಕೇಳುವುದಿಲ್ಲ.

ಪೂಜೆ ಮುಗಿಯಿತು. ಚರ್ಚಿನ ಅಂಗಳದಲ್ಲಿ ಅಂಬಲಿ ಕಾಯಿಸಿದರು. ಕುರುಡರು, ಮುದುಕಿಯರು, ದಾರಿಹೋಕರು ಸಾಲಾಗಿ ಕೂತರು. ಊರ ಜನ ಎಂದಿನಂತೆ ಸುತ್ತ ನಿಂತಿದ್ದರು. ಬಡಿಸುವವರಲ್ಲಿ ರೈತನೂ ಇದ್ದ. ಅಂಬಲಿಯ ಪಾತ್ರೆ ಹಿಡಿದು, ಒಬ್ಬೊಬ್ಬರನ್ನೂ ಅಣ್ಣ, ಅವ್ವ ಎಂದು ನಗುನಗುತ್ತಾ ಮಾತಾಡಿಸಿಕೊಂಡು ಬಡಿಸುತ್ತಿದ್ದ. ಆ ಅವ್ವಂದಿರು ಉಂಡರೋ ಇಲ್ಲವೋ ಎಂದು ಕೇಳುವುದು ಅವನಿಗೆ ಬರುತ್ತಿತ್ತು. ಬಾಗಿ ಬಾಗಿ ಕೇಳುತ್ತಿದ್ದ.

ಅವನು ಸಾಲಿನ ನಡುವಿಗೆ ಬಂದ. ಅಲ್ಲಿ ಒಬ್ಬ ಮುದಿ ಭಿಕ್ಷುಕಿಯ ಪಕ್ಕದಲ್ಲಿ ಅವನ ಹೆಂಡತಿ ಕೂತಿದ್ದಳು. ಮಡಿಲಲ್ಲಿ ಮಗು. ಕೈಯಲ್ಲಿ ಬಟ್ಟಲು. ಆ ಬಟ್ಟಲನ್ನು ಎಲ್ಲರಂತೆ ಅವಳೂ ಮುಂದೆ ಚಾಚಿದ್ದಳು.

ರೈತನ ನಗು ಅಲ್ಲೇ ನಿಂತಿತು. ಅವನು ಮೊದಲು ಹೆಂಡತಿಯ ಮುಖ ನೋಡಲಿಲ್ಲ. ಸುತ್ತ ನಿಂತ ಜನರ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ ಗದರಿದ.

"ಏಳೇ ಮೇಲೆ. ಊರೋರೆಲ್ಲ ನೋಡ್ತಾವ್ರೆ. ನಮ್ಮನೇಲಿ ಹಿಟ್ಟಿಗೆ ಬರ ಬಂದೈತಾ? ನನ್ನ ಮಾನ ತೆಗೀಬೇಕು ಅಂತ್ಲೇ ಬಂದ್ಯಾ?"

ಅವಳು ಏಳಲಿಲ್ಲ. ದನಿ ಏರಿಸಲೂ ಇಲ್ಲ. ಏರಿಸಲು ಶಕ್ತಿಯಿರಲಿಲ್ಲ.

"ಮನೇಲಿ ಬರ ಇಲ್ಲ. ನನ್ನ ಪಾಲಿನ ಹಿಟ್ಟು ದಿನಾ ಇಲ್ಲಿಗೇ ಬರ್ತಾ ಐತೆ. ಅದನ್ನ ಉಣ್ಣಾಕೆ ನಾನೂ ಬಂದಿವ್ನಿ. ಬಡಿಸಿ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಅರ್ಥವಾಗಿತ್ತು. ರೈತನಿಗೆ ಇನ್ನೂ ಅರ್ಥವಾಗಿರಲಿಲ್ಲ. ಅವನು ಪಾತ್ರೆ ಹಿಡಿದು ಕಂಬದ ಹಾಗೆ ನಿಂತಿದ್ದ. ಆಗ ಪಕ್ಕದಲ್ಲಿದ್ದ ಭಿಕ್ಷುಕಿ ಅವನ ಕಡೆ ಒಂದು ಸಲ ನೋಡಿದಳು. ತನ್ನ ಬಟ್ಟಲಿನ ಅಂಬಲಿಯನ್ನು ಆ ತಾಯಿಯ ಬಟ್ಟಲಿಗೆ ಸುರಿದಳು. ಕುಡಿ ಮಗಳೇ ಎಂದಳು. ತಾಯಿ ಕುಡಿದಳು. ಬಟ್ಟಲನ್ನು ಕೆಳಗಿಡದೆ, ಉಸಿರು ತೆಗೆದುಕೊಳ್ಳದೆ ಕುಡಿದಳು. ಒಬ್ಬ ಹೆಂಗಸು ಹಾಗೆ ಕುಡಿಯಬೇಕಾದರೆ ಎಷ್ಟು ದಿನದ ಹಸಿವಿರಬೇಕೆಂದು ಅಲ್ಲಿದ್ದವರಿಗೆಲ್ಲ ತಿಳಿಯಿತು.

ಆಗ ರೈತನಿಗೂ ತಿಳಿಯಿತು. ದೇವರಿಗೆ ಕೊಟ್ಟೆನೆಂದು ತಾನು ಎದೆಯುಬ್ಬಿಸಿ ತಂದದ್ದು ತನ್ನ ಮಗುವಿನ ಹಾಲು ಎಂದು ತಿಳಿಯಿತು. ಅವನು ಪಾತ್ರೆಯನ್ನು ಇನ್ನೊಬ್ಬನ ಕೈಗೆ ಕೊಟ್ಟ. ಹೋಗಿ ಸಾಲಿನ ಕಟ್ಟಕಡೆಯಲ್ಲಿ, ಎಲ್ಲರಿಗಿಂತ ಕೊನೆಗೆ ಕೂತ. ಬಡಿಸುವವರು ಅವನವರೆಗೆ ಬರುವಷ್ಟರಲ್ಲಿ ಪಾತ್ರೆ ಖಾಲಿಯಾಗಿತ್ತು. ತನ್ನದೇ ಬೊಗಸೆಯ ಅಂಬಲಿ ತನಗೆ ಸಿಗಲಿಲ್ಲ. ಕೊನೆಯವನಿಗೆ ಏನು ಉಳಿಯುತ್ತದೆಂದು ಅವನು ಹುಟ್ಟಿದ ಮೇಲೆ ಮೊದಲ ಸಲ ಕಂಡ.

ಗುರುಗಳು ಗುಂಡಿಯನ್ನು ಅಂಗಿಗೆ ಒತ್ತಿಟ್ಟು ಮತ್ತೆ ಸೂಜಿ ಏರಿಸಿದರು. ಚೌರಪ್ಪ ಕೇಳಿದ.

"ಮಗು ಉಳಿಯಿತೇ ಗುರುಗಳೇ?"

"ಉಳಿಯಿತು. ಹರಕೆಯಿಂದ ಉಳಿಯಲಿಲ್ಲ. ತಾಯಿ ಉಂಡದ್ದರಿಂದ ಉಳಿಯಿತು. ಅತ್ತೆ ಅಳತೆ ಬದಲಿಸಿದಳು. ರೈತ ದೇವರ ಹಿಡಿಯನ್ನು ಹೆಂಡತಿಯ ಕೈಗೇ ಬಿಟ್ಟ. ಊಟವಾದ ಮೇಲೆ ಎದ್ದು ಓಡುವುದನ್ನು ಬಿಟ್ಟ. ಅವಳು ಉಣ್ಣಲು ಕೂತಾಗ ಮಗುವನ್ನು ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದ. ಚರ್ಚಿನಲ್ಲಿ ಹಾಡುವವರಿಗೆ ಒಂದು ಗಟ್ಟಿ ದನಿ ಕಡಿಮೆಯಾಯಿತು. ಹಾಡು ಹೇಗೋ ನಡೆಯಿತು. ಸ್ವಲ್ಪ ಕಾಲ ಕಳೆದ ಮೇಲೆ ಒಂದು ದಿನ, ಹೆಂಡತಿ ಹಿಟ್ಟು ತೊಳಸುತ್ತಾ ತನ್ನಷ್ಟಕ್ಕೆ ಒಂದು ಕೀರ್ತನೆ ಗುನುಗಿದಳು. ಹಾಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆನಂದವನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ."

ಚೌರಪ್ಪನ ಮುಖ ಅರಳಿತು. ಅವನು ಕಣ್ಣೊರೆಸಿಕೊಂಡ.

"ಎಂಥ ಕತೆ ಗುರುಗಳೇ! ಕೇಳಿ ಮನಸ್ಸು ತುಂಬಿಬಂತು. ಈ ಭಾನುವಾರ ಪಕ್ಕದ ಹಳ್ಳಿಯಲ್ಲಿ ನಾನು ಇದನ್ನೇ ಹೇಳುತ್ತೇನೆ. ಅಲ್ಲಿಯ ಗಂಡಸರು ಕೇಳಬೇಕಾದ ಕತೆ ಇದು."

ಗುರುಗಳು ದಾರವನ್ನು ಹಲ್ಲಿನಿಂದ ಕಡಿದರು. ಅಂಗಿಯನ್ನು ಕೊಡವಿ ಪಕ್ಕಕ್ಕಿಟ್ಟರು. ಸಿಟ್ಟು ಅವರ ಮುಖದಿಂದ ಇಳಿದಿರಲಿಲ್ಲ.

"ನಿನ್ನ ಮನೆಯ ಕೊನೆಯ ಮುದ್ದೆ ಎಷ್ಟು ದೊಡ್ಡದಿರುತ್ತದೆ ಚೌರಪ್ಪ?"

ಚೌರಪ್ಪ ಮೆಟ್ಟಿಲಿನಿಂದೆದ್ದು, ಅದನ್ನು ನೋಡಲು ಮನೆಯ ಕಡೆ ಹೊರಟ.